ಜಾದೂ ಬರದ ಊರಲ್ಲಿ

ಅಕ್ಕಾ, ಶನಿವಾರ ಮಕ್ಕಳಿಗೆ ‘ಕ್ರಿಶ್’ ಹಾಕಿಕೊಡ್ತೀನಿ ಅಂದ್ರಲ್ಲ, ಸ್ವಲ್ಪ ತಡೀರಿ. ಕೊಡೆ ಕಾರಿಡಾರಲ್ಲೇ ಒಣಗಲಿ, ಇದನ್ನ ಕೇಳಿ.

2003ರಲ್ಲಿ ‘ಕೋಯಿ ಮಿಲ್ ಗಯಾ’ ನೋಡಿದವರಿಗೆ ಆ ರೋಹಿತ್ ಮನೆಹುಡುಗನೇ ಆಗಿಬಿಟ್ಟಿದ್ದ. ವಯಸ್ಸಿಗೆ ತಕ್ಕ ಬುದ್ಧಿ ಬೆಳೆದಿಲ್ಲ, ಚಿಕ್ಕ ಮಕ್ಕಳೇ ಅವನ ಗೆಳೆಯರು. ಅಪ್ಪ ಬಿಟ್ಟುಹೋದ ಹಳೇ ಕಂಪ್ಯೂಟರಿನಿಂದ ‘ಓಂ’ ಸ್ವರ ಹೊರಟಿತು, ಆಕಾಶದಿಂದ ಜಾದೂ ಅನ್ನೋ ಅನ್ಯಗ್ರಹದ ಜೀವಿ ಬಂದ. ಅವನಿಗೆ ಬಿಸಿಲೇ ಬಲ. ಎಂಥ ಅಕ್ಕರೆಯ ಕಥೆ!

2006ರಲ್ಲಿ ಅದರ ಮುಂದುವರಿಕೆಯಾಗಿ ‘ಕ್ರಿಶ್’ ಬಂತು. ರೋಹಿತನ ಪ್ರೀತಿಯ ನಿಶಾ ಇಲ್ಲ, ಅವನೂ ಸತ್ತ ಅಂತಾರೆ, ಜಾದೂನೂ ಜೊತೆಗಿಲ್ಲ. ರೋಹಿತನ ಮಗ ಮುಖವಾಡ ಹಾಕಿಕೊಂಡು ನಮ್ಮ ಸಿಂಗಪುರದ ಕಟ್ಟಡಗಳ ಮೇಲೆ ಜಿಗಿದಾಡ್ತಾನೆ. ಇಲ್ಲಿನ ಪ್ರವಾಸೋದ್ಯಮ ಮಂಡಳಿ ಆ ಚಿತ್ರೀಕರಣಕ್ಕೆ ನೆರವು ಕೊಟ್ಟಿತ್ತು. ಊರು ಚೆನ್ನಾಗಿ ಕಂಡಿತು, ನನ್ನ ಹೊಟ್ಟೆ ಮಾತ್ರ ಉರೀತು.

ಆ ಉರಿ ಆರಿಸಿದ್ದು ಆ ಹುಡುಗನ ಅಜ್ಜಿ, ರೋಹಿತನ ಅಮ್ಮ ಸೋನಿಯಾ. ಗಂಡ ಆಕಾಶ ನೋಡ್ತಾ ಹೋದ, ಮಗ ಭವಿಷ್ಯ ತೋರಿಸೋ ಯಂತ್ರ ಮಾಡೋಕೆ ಇದೇ ಸಿಂಗಪುರಕ್ಕೆ ಬಂದು ತಿರುಗಿ ಬರಲಿಲ್ಲ. ಆಕೆ ಮೊಮ್ಮಗನನ್ನ ಬೆಟ್ಟದೂರಲ್ಲಿ ಬಚ್ಚಿಟ್ಟು, ನಿನ್ನ ಶಕ್ತಿ ಯಾರಿಗೂ ತೋರಿಸಬೇಡ ಅಂತ ಮಾತು ತಗೊಳ್ತಾಳೆ. ಸರ್ಕಸ್ಸಿಗೆ ಬೆಂಕಿ ಬಿದ್ದು ಮಕ್ಕಳು ಸಿಕ್ಕಿಹಾಕಿಕೊಂಡಾಗ ಅವನು ಮುಖ ಮುಚ್ಚಿಕೊಳ್ಳೋದು ಆ ಮಾತಿಗಾಗಿ. ಅಜ್ಜಿಯ ಈ ಅಂಜಿಕೆ ಹುಟ್ಟಿದ್ದು ಮೊದಲನೇ ಚಿತ್ರದಲ್ಲೇ. ಕಥೆಯ ವೇಷ ಬದಲಾಯ್ತು, ಆ ಮನೆಯ ನೋವು ಬದಲಾಗಲಿಲ್ಲ. ಕೊನೆಗೆ ರೋಹಿತ್ ಬದುಕಿರೋದು ಗೊತ್ತಾಗಿ, ಅವನು ಅದೇ ಹಳೇ ಕಂಪ್ಯೂಟರಿನಿಂದ ಜಾದೂನ ಕರೀತಾನಲ್ಲ, ಅಲ್ಲಿ ನನಗೆ ಇಂದಿಗೂ ಗಂಟಲು ಕಟ್ಟುತ್ತೆ.

ವೇಷ ಬದಲಾದ್ರೂ ಹಳೇದೊಂದು ಉಳೀಬೇಕು; ಇಲ್ಲಿನ ಪಾಯಾ ಲೆಬಾರನ್ನೇ ನೋಡಿ. 1955ರಲ್ಲಿ ಶುರುವಾದ ವಿಮಾನ ನಿಲ್ದಾಣದ ಕೆಲಸ 1981ರಲ್ಲಿ ಚಾಂಗಿಗೆ ಹೋಯ್ತು, ಇಲ್ಲಿ ವಾಯುಪಡೆ ನೆಲೆ ಉಳೀತು. 2030ರ ನಂತರ ಅದೂ ಹೋಗಿ ಮನೆಗಳು ಏಳುತ್ತವಂತೆ. ಹಳೇ ರನ್‌ವೇ ಮಾತ್ರ ಉಳಿಸಿಕೊಳ್ಳೋ ಯೋಚನೆಯಿದೆ. ಕಥೆ ಮುಂದುವರಿಸೋರಿಗೂ ನಾನು ಕೇಳೋದು ಅಷ್ಟೇ: ಹಳೇದರ ಒಂದು ಗುರುತು ಉಳಿಸಿ.

2013ರ ‘ಕ್ರಿಶ್ 3’ರಲ್ಲಿ ಹೊಡೆದಾಟ ಜಾಸ್ತಿ, ಆ ಅಕ್ಕರೆ ಕಮ್ಮಿ. ಅದಕ್ಕೆ ಅವಸರವಿಲ್ಲ. ಮಕ್ಕಳಿಗೆ ಈ ಶನಿವಾರ ಜಾದೂನ ತೋರಿಸಿ, ‘ಕ್ರಿಶ್’ ಮುಂದಿನ ವಾರಕ್ಕಿರಲಿ.