ಹಿಮದಂಡ ಮೀಮಾಂಸೆ: ಮಸ್ಕಿ ಸೀಮೆಯ ಮನೆ ಐಸ್‌ಕ್ಯಾಂಡಿ ಕುರಿತು ಒಂದು ಶಾಸ್ತ್ರೀಯ ವಿಚಾರ

ಯಾವ ಶಾಸ್ತ್ರವೇ ಆಗಲಿ, ಆರಂಭದಲ್ಲಿ ನಾಲ್ಕು ಮಾತು ಹೇಳಿಬಿಡಬೇಕೆಂಬುದು ಹಿರಿಯರ ಕಟ್ಟಳೆ: ವಿಷಯ ಯಾವುದು, ಪ್ರಯೋಜನವೇನು, ಸಂಬಂಧ ಎಂತಹುದು, ಅಧಿಕಾರಿ ಯಾರು. ಪ್ರಸ್ತುತ ಶಾಸ್ತ್ರದ ವಿಷಯ, ಮನೆಯಲ್ಲಿ ಹಣ್ಣಿನ ರಸದಿಂದ ಮಾಡುವ ಐಸ್‌ಕ್ಯಾಂಡಿ. ಪಂಡಿತರಿಗೆ ಮುಜುಗರವಾಗದಿರಲೆಂದು ಇದನ್ನು ಇನ್ನು ಮುಂದೆ ‘ಹಿಮದಂಡ’ ಎನ್ನಲಾಗುವುದು. ಪ್ರಯೋಜನ, ರಾಯಚೂರು ಜಿಲ್ಲೆಯ ಮಸ್ಕಿಯ ಏಪ್ರಿಲ್–ಮೇ ತಿಂಗಳ ಮಧ್ಯಾಹ್ನಗಳಲ್ಲಿ ಪ್ರಾಣವನ್ನು ದೇಹದಲ್ಲೇ ಉಳಿಸಿಕೊಳ್ಳುವುದು. ಸಂಬಂಧ, ನಾಲಿಗೆಗೂ ಹಿಮಕ್ಕೂ ಇರುವ ಅಕ್ಷರಶಃ ಅಂಟು. ಇನ್ನು ಅಧಿಕಾರಿ: ವಾರ್ಷಿಕ ಪರೀಕ್ಷೆ ಬರೆದು ಮುಗಿಸಿರುವ, ಫಲಿತಾಂಶ ಇನ್ನೂ ಬಂದಿರದ, ಫ್ರಿಜ್ಜಿನ ಬಾಗಿಲಿಗೆ ಕೈ ಎಟುಕುವ ಯಾವುದೇ ಜೀವಿ. ಫಲಿತಾಂಶ ಬಂದವರ ಅಧಿಕಾರ ಆಯಾ ಫಲಿತಾಂಶಕ್ಕೆ ಒಳಪಟ್ಟಿರುತ್ತದೆ.

ಹಿಮದಂಡದ ಉಗಮ ಅಮೆರಿಕದಲ್ಲಾಯಿತೆಂಬುದು ಪೂರ್ವಪಕ್ಷ. 1905ರಲ್ಲಿ ಫ್ರ್ಯಾಂಕ್ ಎಪ್ಪರ್ಸನ್ ಎಂಬ ಹನ್ನೊಂದು ವರ್ಷದ ಹುಡುಗ ಸೋಡಾಪುಡಿ ಕದಡಿದ ನೀರನ್ನು ಕಡ್ಡಿ ಸಮೇತ ರಾತ್ರಿಯೆಲ್ಲ ಹೊರಗೇ ಮರೆತುಬಿಟ್ಟ, ಬೆಳಗಾಗುವಷ್ಟರಲ್ಲಿ ಅದು ಹೆಪ್ಪುಗಟ್ಟಿ ನಿಂತಿತ್ತು ಎಂಬುದು ಆ ಸೀಮೆಯ ಸ್ಥಳಪುರಾಣ. 1924ರಲ್ಲಿ ಅವನಿಗೆ ಪೇಟೆಂಟ್ ಸಿಕ್ಕಿದ್ದಂತೂ ದಾಖಲೆಯ ಮಾತು. ಇದೇ ಪ್ರಯೋಗವನ್ನು ಮೇ ತಿಂಗಳಲ್ಲಿ ಮಸ್ಕಿಯ ಯಾವುದಾದರೂ ಕಟ್ಟೆಯ ಮೇಲೆ ನಡೆಸಿ ನೋಡಬೇಕು. ಶರಬತ್ತು ಬೆಳಗಿನವರೆಗೂ ಉಗುರುಬೆಚ್ಚಗೇ ಇದ್ದು, ಅದರ ಮೇಲೆ ಕೆಂಪಿರುವೆಗಳ ಜಿಲ್ಲಾ ಸಮಾವೇಶ ನೆರೆದಿರುತ್ತದೆ. ಆದಕಾರಣ ಅಮೆರಿಕದಲ್ಲಿ ಹಿಮದಂಡ ಮರೆವಿನಿಂದ ಹುಟ್ಟಬಹುದು. ಮಸ್ಕಿಯಲ್ಲಿ ಅದಕ್ಕೆ ಪುರುಷಪ್ರಯತ್ನವೇ ಬೇಕು. (ಈ ಸೀಮೆಯಲ್ಲಿ ಅದನ್ನು ಮಾಡುವವರು ಬಹುತೇಕ ಹೆಂಗಸರೇ ಆದ್ದರಿಂದ ಓದುಗರು ಈ ಶಾಸ್ತ್ರಪದವನ್ನು ತಾವೇ ಸುಧಾರಿಸಿಕೊಳ್ಳತಕ್ಕದ್ದು.)

ಇನ್ನು ಈ ದೇಶದ ತಂಪಿನ ಇತಿಹಾಸ. ಅಕ್ಬರನ ಕಾಲದಲ್ಲಿ ಪೆಟ್ಲುಪ್ಪು ಕರಗಿಸಿದ ನೀರಿನಲ್ಲಿ ಹೂಜಿ ತಿರುಗಿಸಿ ಕುಡಿಯುವ ನೀರು ತಂಪು ಮಾಡುತ್ತಿದ್ದರೆಂದು ಅವನ ಆಸ್ಥಾನದ ಅಬುಲ್ ಫಜಲ್ ಬರೆದಿದ್ದಾನೆ. 1833ರಲ್ಲಿ ಬಾಸ್ಟನ್ನಿನಿಂದ ಹಡಗು ಹತ್ತಿದ ಮಂಜುಗಡ್ಡೆ ಸುಮಾರು ನಾಲ್ಕು ತಿಂಗಳು ಸಮುದ್ರದ ಮೇಲಿದ್ದು, ಅರ್ಧಕ್ಕೂ ಹೆಚ್ಚು ಪಾಲು ಉಳಿದುಕೊಂಡೇ ಕಲ್ಕತ್ತ ತಲುಪಿತು. ಇಲ್ಲಿ ಒಂದು ಗಂಭೀರ ಶಂಕೆ ಏಳುತ್ತದೆ: ನಾಲ್ಕು ತಿಂಗಳು ತಾಳಿದ ವಸ್ತು ಮಸ್ಕಿ ಬಸ್‌ಸ್ಟ್ಯಾಂಡಿನಿಂದ ಮನೆ ಮುಟ್ಟುವಷ್ಟರಲ್ಲಿ ಮೊಣಕೈವರೆಗೆ ಸುರಿದು ಹೋಗುವುದೇಕೆ? ಸಮಾಧಾನ: ದೊಡ್ಡ ಗಡ್ಡೆಗೆ ಅದರ ತೂಕದ ಲೆಕ್ಕದಲ್ಲಿ ಗಾಳಿ ತಾಗುವ ಮೈ ಕಡಿಮೆ, ಸಣ್ಣದಕ್ಕೆ ಹೆಚ್ಚು, ಮೇಲಾಗಿ ಬಾಸ್ಟನ್ನಿನವರು ಅದನ್ನು ಮರದ ಹೊಟ್ಟಿನಲ್ಲಿ ಹುಗಿದು ತಂದಿದ್ದರು. ಹೊಟ್ಟಿಗೇನು, ಪಕ್ಕದ ಸಿಂಧನೂರಿನ ರೈಸ್‌ಮಿಲ್ಲುಗಳಲ್ಲಿ ಭತ್ತದ ಹೊಟ್ಟು ಬೆಟ್ಟವಾಗಿ ಬಿದ್ದಿರುತ್ತದೆ. ಆದರೆ ಹೊಟ್ಟಿನಲ್ಲಿ ಹೊರಳಿಸಿದ ಹಿಮದಂಡವನ್ನು ಚೀಪಲು ಯಾವ ಅಧಿಕಾರಿಯೂ ಒಪ್ಪದ ಕಾರಣ ಈ ಮತವನ್ನು ಇಲ್ಲಿಗೇ ಬಿಡಲಾಗಿದೆ.

ಈಗ ದ್ರವ್ಯವಿಚಾರ. ಕಲ್ಲಂಗಡಿಯಲ್ಲಿ ನೂರಕ್ಕೆ ತೊಂಬತ್ತಕ್ಕೂ ಹೆಚ್ಚು ಪಾಲು ನೀರೇ. ಬೀಜ ತೆಗೆದು ಮಿಕ್ಸರಿಗೆ ಹಾಕಿ ಸೋಸಿದರೆ ಕೆಂಪಗೆ ಕಾಣುತ್ತದೆ, ಹೆಪ್ಪಾದರೆ ಕಲ್ಲಾಗುತ್ತದೆ. ಅರ್ಧ ಲಿಂಬಿಹಣ್ಣು, ಚಿಟಿಕೆ ಉಪ್ಪು, ಸ್ವಲ್ಪ ಸಕ್ಕರೆ ಇಲ್ಲದೆ ಅದು ಬಾಯಿಗೆ ಬಣ್ಣ ಹಚ್ಚೀತೇ ಹೊರತು ರುಚಿ ಹಚ್ಚದು. ಮಾವಿನ ಗುಣ ಬೇರೆ. ಕೊಪ್ಪಳದ ಕಡೆಯಿಂದ ಬರುವ ಕೇಸರ್ ಆಗಲಿ, ಆಂಧ್ರದ ಕಡೆಯ ಬಂಗನಪಲ್ಲಿಯಾಗಲಿ, ತಿರುಳಿನಲ್ಲಿ ಸಕ್ಕರೆಯೂ ನಾರೂ ಇರುವುದರಿಂದ ಗಡ್ಡೆಯಾದ ಮೇಲೂ ಹಲ್ಲಿಗೆ ಬಗ್ಗುತ್ತದೆ. ಮಾವಿಗೆ ಕಾಲು ಪಾಲು ಮೊಸರು ಬೆರೆಸುವ ಒಂದು ಪಂಥವುಂಟು. ಅವರು ಸರಿ. ಕರಬೂಜ ಬೆರೆಸುವ ಇನ್ನೊಂದು ಪಂಥವೂ ಉಂಟು. ಅವರೊಡನೆ ವಾದ ಬೇಡ. ಹುಣಸೆ ಮತ್ತು ಬೆಲ್ಲದ ಪಾನಕವನ್ನು ಹಣ್ಣಿನ ವರ್ಗಕ್ಕೆ ಸೇರಿಸಬೇಕೋ ಬೇಡವೋ ಎಂಬ ಬಗ್ಗೆ ಅಧಿಕಾರಿಗಳಲ್ಲಿ ಭಿನ್ನಮತವಿದ್ದು, ಪ್ರತಿ ಸಲವೂ ಆ ಭಿನ್ನಮತ ಕಡ್ಡಿ ಮಾತ್ರ ಉಳಿಯುವವರೆಗೆ ಮುಂದುವರಿಯುತ್ತದೆ.

ಸಕ್ಕರೆಯ ಪ್ರಕರಣದಲ್ಲಿ ಸ್ವಲ್ಪ ನಿಲ್ಲಬೇಕು. ಸಂಸಾರಗಳು ಎಡವುವುದು ಇಲ್ಲೇ. ಸಕ್ಕರೆ ಬರೀ ಸಿಹಿಗಲ್ಲ. ಒಂದು ಲೀಟರ್ ನೀರಿಗೆ 342 ಗ್ರಾಂ ಸಕ್ಕರೆ ಕರಗಿಸಿದರೆ ಅದು ಹೆಪ್ಪುಗಟ್ಟಲು ಆರಂಭಿಸುವುದು ಸೊನ್ನೆಯಲ್ಲಲ್ಲ, ಇನ್ನೂ 1.86 ಡಿಗ್ರಿ ಕೆಳಗೆ. ಅಷ್ಟೊಂದು ಸಕ್ಕರೆ ಯಾರೂ ಹಾಕುವುದಿಲ್ಲವೆಂಬುದು ನಿಜ. ಆದರೆ ನೀರಿನ ಒಂದೊಂದು ಹರಳು ಕಟ್ಟಿದಂತೆಲ್ಲ ಉಳಿದ ರಸ ಗಟ್ಟಿ ಪಾಕವಾಗುತ್ತ ಹೋಗಿ, ಕೊನೆಗೂ ಪೂರ್ತಿ ಹೆಪ್ಪಾಗದೆ ಹರಳುಗಳ ಸಂದಿಯಲ್ಲಿ ಉಳಿಯುತ್ತದೆ. ಹಿಮದಂಡ ಹಲ್ಲಿಗೆ ಬಗ್ಗುವುದು ಆ ಪಾಕದ ದಯೆಯಿಂದ. ಅದೇ ಪಾಕವನ್ನು ಅವಸರದವರು ಮೊದಲು ಜೋರಾಗಿ ಚೀಪಿ ಎಳೆದುಬಿಡುತ್ತಾರೆ. ಕೆಂಪೆಲ್ಲ ಹೊಟ್ಟೆ ಸೇರಿ ಕೈಯಲ್ಲಿ ಬೆಳ್ಳನೆಯ ಬರ್ಫ ಉಳಿಯುತ್ತದೆ. ಇದನ್ನು ಕೆಲವರು ಕ್ಯಾಂಡಿಯವನ ಮೋಸವೆನ್ನುತ್ತಾರೆ. ನಿಧಾನವಾಗಿ ಹೆಪ್ಪುಗಟ್ಟಿದ್ದರಿಂದ ಹರಳುಗಳು ದೊಡ್ಡವಾಗಿ ಬೆಳೆದು, ಬಣ್ಣವನ್ನೂ ಸಿಹಿಯನ್ನೂ ಹೊರದಬ್ಬಿವೆ, ಅಷ್ಟೇ. ಇನ್ನೊಂದು ಸೂಕ್ಷ್ಮ: ತಣ್ಣಗಿದ್ದಾಗ ನಾಲಿಗೆಗೆ ಸಿಹಿ ಕಡಿಮೆ ತಿಳಿಯುತ್ತದೆ. ಆದ್ದರಿಂದ ಅಚ್ಚಿಗೆ ಸುರಿಯುವ ಮುಂಚೆ ರಸ ‘ಒಂಚೂರು ಜಾಸ್ತಿನ ಆತು’ ಅನಿಸಿದರೆ ಪ್ರಮಾಣ ಸರಿಯಿದೆ ಎಂದರ್ಥ.

ಅಧ್ಯಯನಕ್ಕೆ ಆಯ್ದುಕೊಂಡ ಮಸ್ಕಿಯ ಮನೆಯೊಂದರಲ್ಲಿ ಅಜ್ಜಿಗೆ ಸಕ್ಕರೆ ಕಾಯಿಲೆ. ಅವರಿಗೆಂದೇ ಲಿಂಬೆ, ಉಪ್ಪು, ಜೀರಿಗೆಪುಡಿಯ ಒಂದು ಲೋಟ ಪ್ರತ್ಯೇಕ ಇಡಲಾಗುತ್ತದೆ. ಸಕ್ಕರೆಯಿಲ್ಲದ ಕಾರಣ ಅದು ಊರಿನ ದುರ್ಗದ ಗುಡ್ಡದ ಬಂಡೆಯ ತುಣುಕಾಗಿ ಹೊರಬರುತ್ತದೆ. ಅಜ್ಜಿ ಎದೆಗುಂದದೆ ಅದನ್ನು ಎಲಿ ಅಡಿಕಿಯ ಕುಟ್ಟಾಣಿಯಲ್ಲಿ ಹಾಕಿ ಕುಟ್ಟಿಕೊಳ್ಳುತ್ತಾರೆ. ಹೆಪ್ಪಿನ ವಿಜ್ಞಾನಕ್ಕೆ ಕುಟ್ಟಾಣಿ ನೀಡಿದ ಈ ಕೊಡುಗೆ ಇದುವರೆಗೆ ವಿದ್ವಾಂಸರ ಗಮನಕ್ಕೆ ಬಂದಿಲ್ಲ.

ದಂಡದ ವಿಷಯದಲ್ಲಿ ಚಮಚವಾದಿಗಳೂ ಕಡ್ಡಿವಾದಿಗಳೂ ಕಚ್ಚಾಡುತ್ತಾರೆ. ಚಮಚ ಬಾಗಲಾರದು, ಮುರಿಯಲಾರದು. ಆದರೆ ಮನೆಯ ಚಮಚಗಳೆಲ್ಲ ಫ್ರಿಜ್ಜು ಸೇರಿದ ದಿನ ಉಪ್ಪಿಟ್ಟನ್ನು ಕೈಯಲ್ಲೇ ತಿನ್ನಬೇಕಾಗುತ್ತದೆ. ಕಡ್ಡಿ ಹಗುರ, ಆದರೆ ತೆಳು ರಸದಲ್ಲಿ ನೆಟ್ಟಗೆ ನಿಲ್ಲದೆ ಪಕ್ಕಕ್ಕೆ ವಾಲುತ್ತದೆ. ಗಂಟೆ, ಒಂದೂವರೆ ಗಂಟೆ ಬಿಟ್ಟು, ರಸ ಗಂಜಿಯಾದಾಗ ಕಡ್ಡಿ ನೆಡುವುದು ಸಿದ್ಧಾಂತ. ಜೋಳದ ಸೀಮೆಯಾದ್ದರಿಂದ ಒಬ್ಬ ಕಿರಿಯ ಸಂಶೋಧಕ ಜೋಳದ ದಂಟನ್ನೇ ನೆಟ್ಟಿದ್ದನು. ದಂಟಿನೊಳಗಿನ ಬೆಂಡು ಅರ್ಧ ರಸ ಕುಡಿದುಬಿಟ್ಟಿತು. ಅವನು ದಂಟನ್ನೂ ಅಗಿದು ಪ್ರಯೋಗವನ್ನು ಪೂರ್ಣಗೊಳಿಸಿದನು.

ಇನ್ನು ಪ್ರಬಂಧದ ಮುಖ್ಯ ಪ್ರತಿಪಾದನೆ: ಹಿಮದಂಡವನ್ನು ಮಾಡುವುದು ಫ್ರಿಜ್ಜಲ್ಲ, ಮುಚ್ಚಿದ ಬಾಗಿಲು. ಲೆಕ್ಕ ಹೀಗಿದೆ. 35 ಡಿಗ್ರಿಯಲ್ಲಿರುವ ಒಂದು ಲೀಟರ್ ನೀರನ್ನು ಸೊನ್ನೆಗೆ ಇಳಿಸಲು 35 ಕಿಲೋಕ್ಯಾಲೊರಿ ಶಾಖ ಹೊರಗೆ ಹೋದರೆ ಸಾಕು. ಆದರೆ ಸೊನ್ನೆಯಲ್ಲಿರುವ ಅದೇ ನೀರು ಸೊನ್ನೆಯಲ್ಲೇ ಇದ್ದು ಮಂಜುಗಡ್ಡೆಯಾಗಲು ಇನ್ನೂ 80 ಕಿಲೋಕ್ಯಾಲೊರಿ ಹೋಗಬೇಕು. ಭೌತಶಾಸ್ತ್ರ ಇದನ್ನು ಗುಪ್ತೋಷ್ಣ ಎನ್ನುತ್ತದೆ. ಗುಪ್ತವಾದದ್ದು ಅಧಿಕಾರಿಗೆ ಕಾಣುವುದಿಲ್ಲ. ಅವನು ಬಾಗಿಲು ತೆರೆದು ಬೆರಳಿಟ್ಟು ನೋಡುತ್ತಾನೆ, ತಣ್ಣಗಿದೆ, ಆದರೆ ಗಟ್ಟಿಯಿಲ್ಲ, ಮುಚ್ಚುತ್ತಾನೆ. ಹತ್ತು ನಿಮಿಷಕ್ಕೆ ಮತ್ತೆ ತೆರೆಯುತ್ತಾನೆ, ಏನೂ ಬದಲಾಗಿಲ್ಲ. ನಡುವೆ ಮಸ್ಕಿಯ ಮಧ್ಯಾಹ್ನದ ಗಾಳಿ ಒಳಗೆ ಹೊಕ್ಕು ಸುಖವಾಗಿ ಕೂತಿರುತ್ತದೆ. ಒಂಟಿ ಬಾಗಿಲಿನ ಫ್ರಿಜ್ಜಾದರೆ ಇನ್ನೂ ಕಷ್ಟ, ನೀರಿನ ಬಾಟ್ಲಿಗೆ ಬಂದವರೆಲ್ಲರೂ ಹಿಮದಂಡದ ಹಗೆಗಳೇ. ಅಡುಗೆಮನೆಯಿಂದ ಕೇಳಿಬರುವ ಭಾಷ್ಯ ಈ ಶಾಸ್ತ್ರದ ಎಲ್ಲ ಸೂತ್ರಗಳನ್ನೂ ಒಳಗೊಂಡಿದೆ:

“ಎಷ್ಟು ಸರ್ತಿ ಬಾಗ್ಲಾ ತೆಗಿತೀಯಲೇ? ಒಳಗಿನ ತಂಪೆಲ್ಲ ಹೊರಗ ಹೋತು!”

“ಹೊರಗ ಎಲ್ಲೈತಬೇ ತಂಪು?”

ಈ ಪ್ರತಿಪ್ರಶ್ನೆಗೆ ಶಾಸ್ತ್ರದಲ್ಲಿ ಉತ್ತರವಿಲ್ಲ. ಆರರಿಂದ ಎಂಟು ತಾಸು ಬಾಗಿಲು ಮುಚ್ಚಿಟ್ಟರೆ ಕೆಲಸ ಮುಗಿಯುತ್ತದೆ, ಕರೆಂಟ್ ಇದ್ದರೆ. ಇದೇ ಜಿಲ್ಲೆಯ ಶಕ್ತಿನಗರದಲ್ಲಿ ನಾಡಿಗೆಲ್ಲ ಹಂಚುವಷ್ಟು ವಿದ್ಯುತ್ತು ತಯಾರಾಗುತ್ತದೆ; ಅದು ನಾಡನ್ನೆಲ್ಲ ಸುತ್ತಿ ನೋಡಿಕೊಂಡು ಮಸ್ಕಿಗೆ ಬರುವಷ್ಟರಲ್ಲಿ ಹಿಮದಂಡ ಒಮ್ಮೆ ಕರಗಿ ಮತ್ತೆ ಹೆಪ್ಪಾಗಿ, ಲೋಟದ ಬುಡದಲ್ಲಿ ಸಿಹಿಯೂ ಮೇಲೆ ಬರಿ ನೀರೂ ನಿಂತು, ಒಳಗೆಲ್ಲ ಮರಳುಮರಳಾಗಿರುತ್ತದೆ. ಬಿಸಿ ರಸ ಇಟ್ಟರೆ ಬೇಗ ಗಟ್ಟಿಯಾಗುತ್ತದೆಂಬ ವಾದವೂ ಉಂಟು. 1963ರಲ್ಲಿ ತಾಂಜಾನಿಯಾದ ಎರಾಸ್ಟೊ ಎಂಪೆಂಬಾ ಎಂಬ ಶಾಲಾ ಹುಡುಗ ಐಸ್‌ಕ್ರೀಮ್ ಮಾಡುವಾಗ ಹಾಗೆ ಕಂಡನೆಂದು ಹೇಳಿದ್ದೂ, 1969ರಲ್ಲಿ ಭೌತಶಾಸ್ತ್ರದ ಪ್ರಾಧ್ಯಾಪಕರೊಬ್ಬರ ಜೊತೆ ಅದನ್ನು ಪ್ರಕಟಿಸಿದ್ದೂ ನಿಜ. ವಿಜ್ಞಾನಿಗಳು ಇನ್ನೂ ಬಡಿದಾಡುತ್ತಿದ್ದಾರೆ. ಮಸ್ಕಿಯಲ್ಲಿ ಬಿಸಿ ರಸ ಇಟ್ಟವನಿಗೆ ಬೀಳುವ ಬೈಗುಳದ ಬಗ್ಗೆ ಮಾತ್ರ ಎರಡು ಮತವಿಲ್ಲ.

ಅಚ್ಚಿನಿಂದ ಬಿಡಿಸುವುದಕ್ಕೆ ‘ಉದ್ಧಾರ’ ಎಂದು ಹೆಸರು. ಅಡುಗೆ ಪುಸ್ತಕಗಳು ಲೋಟವನ್ನು ಕೆಲವು ಸೆಕೆಂಡು ಉಗುರುಬೆಚ್ಚಗಿನ ನೀರಿನಲ್ಲಿ ಅದ್ದಿರಿ ಎನ್ನುತ್ತವೆ, ನೀರು ಕಾಯಿಸುವ ಕಷ್ಟವಿರುವ ದೇಶದವರ ಮಾತಿದು. ಮಸ್ಕಿಯಲ್ಲಿ ಮಾಳಿಗೆಯ ಟ್ಯಾಂಕಿನ ನಳ ತಿರುಗಿಸಿದರೆ ಬರುವುದು ನೇರ ಅಕ್ಕಿ ತೊಳೆದು ಅನ್ನ ಮಾಡಬಹುದಾದ ನೀರು. ಅದರ ಕೆಳಗೆ ಲೋಟ ಹಿಡಿದರೆ ಹಿಮದಂಡ ಉದ್ಧಾರವಾಗುವ ಬದಲು ನೇರವಾಗಿ ಮೋಕ್ಷ ಪಡೆಯುತ್ತದೆ. ಹರವಿಯ ನೀರೇ ಸೂಕ್ತ.

ಹಿಮದಂಡದ ಪುರಾತತ್ವಕ್ಕೆ ಮಸ್ಕಿಗಿಂತ ಯೋಗ್ಯ ಊರು ಸಿಗಲಾರದು. ಬಿ.ಕೆ. ಥಾಪರ್ ಅವರು 1954ರಲ್ಲಿ ಇಲ್ಲಿ ಉತ್ಖನನ ಮಾಡಿ ನವಶಿಲಾ–ತಾಮ್ರಶಿಲಾ, ಬೃಹತ್‌ಶಿಲಾ, ಆದಿ ಇತಿಹಾಸ, ಮಧ್ಯಯುಗ ಎಂದು ನಾಲ್ಕು ಕಾಲಘಟ್ಟ ಗುರುತಿಸಿದರು. ಅದೇ ಕ್ರಮದಲ್ಲಿ ಮೇಲೆ ಹೇಳಿದ ಮನೆಯ ಫ್ರೀಜರನ್ನು ಅಗೆಯಲಾಯಿತು. ಮೇಲಿನ ಮಧ್ಯಯುಗೀಯ ಸ್ತರದಲ್ಲಿ ಹಸಿ ಬಟಾಣಿ ಮತ್ತು ಅರ್ಧ ಲಿಂಬಿಹಣ್ಣು. ಅದರ ಕೆಳಗೆ ಆದಿ ಇತಿಹಾಸ: ಐಸ್ ಟ್ರೇಯಲ್ಲಿ ಹುದುಗಿದ ಐದು ರೂಪಾಯಿಯ ನಾಣ್ಯ, ಸುತ್ತ ಯಾವ ಅರಸನ ಕುರುಹೂ ಇಲ್ಲ. ಮೂರನೆಯದರಲ್ಲಿ ಗೋಡೆಗೆ ಕಚ್ಚಿಕೊಂಡ ಹಿಮದ ಬೃಹತ್‌ಶಿಲೆಗಳು. ತೀರ ತಳದಲ್ಲಿ ಕಪ್ಪು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿದು ಕಟ್ಟಿದ ಒಂದು ವಸ್ತು; ಅದು ಏನೆಂದು ಮನೆಯ ಯಾರಿಗೂ ನೆನಪಿಲ್ಲವಾದ್ದರಿಂದ, ಪುರಾತತ್ವದ ಸಂಪ್ರದಾಯದಂತೆ, ಧಾರ್ಮಿಕ ವಿಧಿಗೆ ಬಳಸಿದ್ದಿರಬೇಕು ಎಂದು ನಿರ್ಣಯಿಸಲಾಗಿದೆ.

1915ರಲ್ಲಿ ಚಿನ್ನ ಹುಡುಕುತ್ತ ಬಂದ ಗಣಿ ಎಂಜಿನಿಯರ್ ಸಿ. ಬೀಡನ್ ಅವರಿಗೆ ಮಸ್ಕಿಯಲ್ಲಿ ಸಿಕ್ಕಿದ್ದು ಅಶೋಕನ ಶಾಸನ. ಆವರೆಗೆ ಗೊತ್ತಿದ್ದ ಶಾಸನಗಳಲ್ಲಿ ರಾಜನ ಬಿರುದುಗಳಷ್ಟೇ ಇದ್ದವು. ‘ದೇವಾನಾಂಪ್ರಿಯ’ನೇ ಅಶೋಕ ಎಂಬುದು ಸಿಂಹಳದ ಗ್ರಂಥಗಳ ಆಧಾರದ ಊಹೆ. ಮಸ್ಕಿಯ ಬಂಡೆ ಬಿರುದಿನ ಪಕ್ಕ ಹೆಸರನ್ನೂ ಕೊರೆದಿಟ್ಟು ಊಹೆಯನ್ನು ಖಚಿತಪಡಿಸಿತು. ಧರ್ಮದಲ್ಲಿ ತೊಡಗಿದರೆ ಸಣ್ಣವರೂ ಅದರ ಫಲ ಪಡೆಯಬಲ್ಲರು, ದೊಡ್ಡವರಿಗಷ್ಟೇ ಎಂದು ತಿಳಿಯಬಾರದು ಎಂಬುದು ಅದರ ತಾತ್ಪರ್ಯ. ಫ್ರೀಜರಿನ ಮುಂದೆ ನಿಂತ ಮಕ್ಕಳು ಈ ಮಾತನ್ನು ಮೌರ್ಯರ ಕಾಲದಿಂದ ಬಂದ ಹಕ್ಕೆಂದೇ ಭಾವಿಸುತ್ತಾರೆ.

ಹೆಸರಿನ ಸಮಸ್ಯೆ ಇಲ್ಲೂ ಉಂಟು. ಒಂದೇ ಅಂಗಡಿಯ ಸ್ಟೀಲ್ ಲೋಟಗಳು, ಯಾವುದು ಯಾರದು? ರಾಜೇಂದ್ರ ಚೋಳನು ಚಾಲುಕ್ಯ ಜಯಸಿಂಹನನ್ನು ಮುಸಂಗಿಯಲ್ಲಿ ಓಡಿಸಿದನೆಂದು ಚೋಳರು ಬರೆಸಿಕೊಂಡಿದ್ದಾರೆ; ಆ ಮುಸಂಗಿ ಇದೇ ಮಸ್ಕಿ ಎನ್ನುವ ಇತಿಹಾಸಕಾರರುಂಟು. ಅಂಥದೇ ಕಾಳಗ ಫ್ರಿಜ್ಜಿನ ಮುಂದೆ ನಡೆದು ಮನೆಯ ಇಬ್ಬರು ಮಕ್ಕಳೂ ತಮ್ಮದೇ ಜಯವೆಂದು ಸಾರಿದ ಮೇಲೆ, ಅವ್ವ ನೋಟ್‌ಬುಕ್ಕಿನ ಹಾಳೆ ಹರಿದು, ಇಂಕ್ ಪೆನ್ನಿನಲ್ಲಿ ಬರೆದು, ಬಾಗಿಲಿಗೆ ಶಾಸನ ಅಂಟಿಸಿದಳು:

“ಕೆಂಪು ಲೋಟ ಸಣ್ಣಾಕೀದು. ಹಳದಿ ದೊಡ್ಡಾತಂದು. ಬಿಳೇದು ಅಜ್ಜೀದು, ಸಕ್ರಿ ಇಲ್ಲ. ಸಂಜಿತನ ಮುಟ್ಟಬ್ಯಾಡ್ರಿ.”

ಮಧ್ಯಾಹ್ನ ನೀರಿನ ಬಾಟ್ಲಿಯಿಂದ ಒಂದು ಹನಿ ಬಿದ್ದು ಕೊನೆಯ ಸಾಲು ಶಿಥಿಲವಾಯಿತು. ಉಳಿದದ್ದು: ‘ಮು’, ಆಮೇಲೆ ಸ್ವರವಳಿದ ಒಂದು ‘ಟ್ಟ’, ಪೂರ್ತಿ ಅಳಿದ ಒಂದಕ್ಷರ, ಕೊನೆಗೆ ‘ಡ್ರಿ’. ಅವ್ವ ಅಕ್ಕಪಕ್ಕದವರೊಡನೆ ಬಜಾರಿಗೆ ಹೋದಾಗ ಇಬ್ಬರು ಯುವ ಶಾಸನತಜ್ಞರು ಸ್ಟೂಲು ಹತ್ತಿ ಪಾಠ ಪರಿಶೀಲಿಸಿದರು. ಒಟ್ಟು ನಾಲ್ಕು ಅಕ್ಷರಕ್ಕೆ ಹೊಂದುವಂತೆ, ಕಳೆದುಹೋದ ಭಾಗವನ್ನು ತುಂಬಿ, ‘ಮುಟ್ಟಿನೋಡ್ರಿ’ ಎಂಬ ಪಾಠವನ್ನು ಸರ್ವಾನುಮತದಿಂದ ಸ್ವೀಕರಿಸಿ ಆ ಕೂಡಲೇ ಜಾರಿಗೆ ತಂದರು.

ಸಂಜೆ ಮರಳಿ ಬಂದ ಅವ್ವ ಮೂಲಪಾಠವನ್ನು ಓಣಿಗೆಲ್ಲ ಕೇಳುವಂತೆ ಬಾಯಿಂದಲೇ ಒಪ್ಪಿಸಿದಳು. ತಜ್ಞರ ನಾಲಿಗೆಗಳನ್ನು ಪರೀಕ್ಷಿಸಲಾಗಿ ಒಂದು ಕೆಂಪು, ಒಂದು ಹಳದಿ. ಅಜ್ಜಿಯ ಸಕ್ಕರೆಯಿಲ್ಲದ ಲೋಟದ ವಿಷಯದಲ್ಲಿ ಮಾತ್ರ ಇಬ್ಬರೂ ಅವ್ವನ ಪಾಠಕ್ಕೇ ನಿಷ್ಠರಾಗಿದ್ದರು.