ಇದು ಹಳೇ ಫೋಟೋ ಕಣ್ರೀ

ನಮ್ಮ ಬೀದಿ ಕೊನೆಯ ದರ್ಶಿನಿಯವನು ಯುಗಾದಿಗೆ ಗೋಡೆ ತುಂಬ ಬೆಂಗಳೂರಿನ ಫೋಟೋ ಅಂಟಿಸಿದ. ಎಂ.ಜಿ. ರೋಡಿನ ಸಂಜೆ, ಒಂದು ಬದಿಗೆ ಮರಗಳ ಸಾಲು, ದೂರದಲ್ಲಿ ಯುಟಿಲಿಟಿ ಬಿಲ್ಡಿಂಗು, ಮೇಲೆ ಕೇಸರಿಭಾತಿನ ಬಣ್ಣದ ಮೋಡ. ಪಾಪ, ಖರ್ಚು ಮಾಡಿದ್ದ. ಮಾರನೆಯ ಬೆಳಿಗ್ಗೆ ರಾಯರು ಬಂದರು. ಕಾಫಿ ತಗೊಂಡು ಲೋಟ ತುಟಿಗಿಟ್ಟವರು ಹಾಗೇ ನಿಂತರು. ಆಮೇಲೆ ಕನ್ನಡಕ ಹಣೆಗೇರಿಸಿ ಗೋಡೆಗೆ ಮೂಗು ತಾಗುವಷ್ಟು ಹತ್ತಿರ ಹೋದರು. ಯಾರೋ ಎಂಜಿನಿಯರು ಗೋಡೆ ಬಿರುಕು ನೋಡೋಕೆ ಬಂದಿರಬೇಕು ಅಂದುಕೊಂಡು ಇಡ್ಲಿ ತಿನ್ನುತ್ತಿದ್ದ ಇಬ್ಬರು ತಟ್ಟೆ ಸಮೇತ ಜರುಗಿದರು.

"ಇದು ಹಳೇ ಫೋಟೋ ಕಣ್ರೀ."

"ಹೊಸದು ಸಾರ್, ನೆನ್ನೆ ತಾನೇ ಹಾಕ್ಸಿದ್ದು," ಅಂದ ಕ್ಯಾಷಿನಲ್ಲಿ ಕೂತವನು.

"ಹಾಕ್ಸಿದ್ದು ನೆನ್ನೆ ಇರಬಹುದು. ತೆಗೆದದ್ದು ಯಾವಾಗ? ಎಂ.ಜಿ. ರೋಡಿಗೆ ಮೆಟ್ರೋ ಬಂದಿದ್ದು 2011ರ ಅಕ್ಟೋಬರು. ಇದರಲ್ಲಿ ಒಂದು ಕಂಬನೂ ಇಲ್ಲ. ಈ ಮರಗಳನ್ನ ಕಡಿದು ಎಷ್ಟು ಕಾಲ ಆಯ್ತು! ಜನಕ್ಕೆ ಸುಳ್ಳು ಹೇಳ್ತಿದ್ದೀರಲ್ಲ."

ಅವತ್ತಿಂದ ಆ ಹುಡುಗ ರಾಯರನ್ನು ಕಂಡರೆ ಮೊದಲು ಗೋಡೆ ಕಡೆ ನೋಡುತ್ತಾನೆ, ಆಮೇಲೆ ಕಾಫಿ ಕೊಡುತ್ತಾನೆ.

ಇಂಥವರು ನಿಮ್ಮ ಬಡಾವಣೆಯಲ್ಲೂ ಇರುತ್ತಾರೆ. ಬ್ಯಾಂಕಿನ ಕ್ಯಾಲೆಂಡರು, ಸ್ವೀಟ್ ಅಂಗಡಿಯ ಡಬ್ಬಿ, ಡೆಂಟಿಸ್ಟರ ಕೋಣೆಯ ಪಟ, ಯಾವುದನ್ನೂ ಸುಮ್ಮನೆ ದಾಟುವವರಲ್ಲ. ಟ್ರಾವೆಲ್ಸ್ ಆಫೀಸಿನಲ್ಲಿ ದುಬೈ ಪೋಸ್ಟರ್ ಕಂಡು, "ಬುರ್ಜ್ ಖಲೀಫಾ ಎಲ್ಲಿ? ನೀವು ನಮ್ಮನ್ನ ಯಾವ ಇಸವಿಯ ದುಬೈಗೆ ಕರ್ಕೊಂಡು ಹೋಗ್ತೀರಿ?" ಅಂತ ಕೇಳಿದ್ದೂ ಇವರೇ. ಟೀವಿಯಲ್ಲಿ ಬೆಂಗಳೂರಿನ ಸುದ್ದಿ ಬಂದರೆ ಇವರಿಗೆ ಸುದ್ದಿ ಬೇಡ. ಹಿಂದೆ ಓಡುವ ಚಿತ್ರ ಎಷ್ಟು ವರ್ಷದ್ದು ಅನ್ನುವುದೇ ಸುದ್ದಿ.

ರಾಯರ ಕೈಗೆ ಒಂದು ಫೋಟೋ ಕೊಡಿ, ಅದರ ಜಾತಕ ಬರೆದುಕೊಡುತ್ತಾರೆ. ರಸ್ತೆ ಬದಿ ದೊಡ್ಡ ಹೋರ್ಡಿಂಗ್ ಕಂಡರೆ 2018ರ ಹಿಂದಿನ ಜನನ, ಯಾಕೆಂದರೆ ಆ ವರ್ಷ ಹೈಕೋರ್ಟು ಛೀಮಾರಿ ಹಾಕಿದ ಮೇಲೆ ಪಾಲಿಕೆ ಎಲ್ಲ ಇಳಿಸಿತು. ವಿಧಾನಸೌಧದ ಪಕ್ಕ ವಿಕಾಸಸೌಧ ಇಲ್ಲದಿದ್ದರೆ 2005ಕ್ಕಿಂತ ಮುಂಚೆ. ಯುಬಿ ಸಿಟಿ ಇಲ್ಲದೆ ಯುಟಿಲಿಟಿ ಬಿಲ್ಡಿಂಗು ಒಂದೇ ಗರುಡಗಂಬದ ಹಾಗೆ ನಿಂತಿದ್ದರೆ, "ಇದನ್ನ ತೆಗೆದವರು ಈಗ ಪೆನ್ಷನ್ ತಗೊಳ್ತಿರ್ತಾರೆ" ಅನ್ನುತ್ತಾರೆ. ಆ ಕೊನೇ ಮಾತು ಕೇಳಿದರೆ ನನಗೆ ಸ್ವಲ್ಪ ಚುಚ್ಚುತ್ತದೆ. ಚಿಕ್ಕವನಿದ್ದಾಗ ಊರಿಂದ ಬಂದ ನನ್ನನ್ನು ಚಿಕ್ಕಪ್ಪ ಅದರ ಬುಡದಲ್ಲಿ ನಿಲ್ಲಿಸಿ "ಅಂತಸ್ತು ಎಣಿಸು" ಅಂದಿದ್ದರು. ಇರುವುದು 25. ನನಗೆ ಹದಿನೇಳಕ್ಕೆ ಲೆಕ್ಕ ತಪ್ಪಿ, ಕತ್ತು ನೋವು ಬಂದು, ಊರಿಗೆ ಹೋಗಿ ಗೆಳೆಯರ ಹತ್ತಿರ ನಲವತ್ತು ಅಂದಿದ್ದೆ. ನನಗೂ ಈಗ ಪೆನ್ಷನ್ನೇ.

ಈ ರೋಗದ ಮೂಲ ರಾಯರ ನೌಕರಿಯಲ್ಲಿದೆ ಅಂತ ನನ್ನ ಗುಮಾನಿ. ಅವರು ಟೆಲಿಫೋನ್ ಇಲಾಖೆಯಲ್ಲಿದ್ದವರು. ಡೈರೆಕ್ಟರಿ ತಯಾರಾಗುವ ವಿಭಾಗದಲ್ಲಿ ಹನ್ನೊಂದು ವರ್ಷ ಕೂತಿದ್ದರು. ಮೇಜಿನಷ್ಟು ದಪ್ಪದ ಪುಸ್ತಕ ಅಚ್ಚಾಗಿ ಬರುವ ಹೊತ್ತಿಗೆ ಅರ್ಧ ಜನ ಮನೆ ಬದಲಾಯಿಸಿರುತ್ತಿದ್ದರಂತೆ, ಕೆಲವರು ಲೋಕವನ್ನೇ. ಹೀಗೆ ಹುಟ್ಟುವಾಗಲೇ ಹಳೆಯದಾಗಿರುವ ಮಗುವನ್ನು ಹನ್ನೊಂದು ಸಲ ಹೆತ್ತವರ ಸಂಕಟ ನಮಗೆ ಅರ್ಥವಾಗುವುದು ಕಷ್ಟ.

ನನ್ನ ಗ್ರಹಚಾರ, ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ 2023ಕ್ಕೆ ಇಪ್ಪತ್ತೈದು ತುಂಬಿತು. ರಜತ ಮಹೋತ್ಸವಕ್ಕೆ ಸ್ಮರಣ ಸಂಚಿಕೆ ಬೇಡವೇ? ಕನ್ನಡ ಮೇಷ್ಟ್ರು ಅನ್ನುವ ಒಂದೇ ತಪ್ಪಿಗೆ ನಾನು ಸಂಪಾದಕ. ಮುಖಪುಟದ ಹೊಣೆ ರಾಯರದು. "ನಮ್ಮ ಬಡಾವಣೆ ಬೆಳೆದದ್ದು ಊರಿನ ಜೊತೆ. ಊರಿನ ಸ್ಕೈಲೈನೇ ಬರಲಿ," ಅಂದರು. ಸ್ಕೈಲೈನಿಗೆ ಕನ್ನಡದಲ್ಲಿ ಏನು ಅಂತ ಸಭೆಯಲ್ಲಿ ನನ್ನನ್ನು ಕೇಳಿದರು. "ಬಾನಂಚು" ಅಂದೆ. "ಧರ್ಮಾವರಂ ಸೀರೆ ಥರ ಕೇಳುತ್ತೆ" ಅಂದರು ಖಜಾಂಚಿಗಳ ಮನೆಯವರು. ಅಲ್ಲಿಂದಾಚೆ ನಾನೂ ಸ್ಕೈಲೈನ್ ಅಂತಲೇ ಅನ್ನುತ್ತಿದ್ದೇನೆ.

ಮೊದಲು ನಾನು ತೋರಿಸಿದ್ದು ವಿಧಾನಸೌಧ. "1956ರಲ್ಲಿ ಮುಗಿದ ಕಟ್ಟಡ ಸ್ವಾಮಿ. ಅದು ಊರಿನ ಫೋಟೋ ಅಲ್ಲ, ಊರಿನ ಲೆಟರ್‌ಹೆಡ್ಡು." ಆಯಿತು ಅಂತ ಮಲ್ಲೇಶ್ವರದ ಪಕ್ಕದ ವರ್ಲ್ಡ್ ಟ್ರೇಡ್ ಸೆಂಟರಿನದು ತಂದೆ. ಮುಂದೆ ನೀರು, ಅದರಲ್ಲಿ ಗೋಪುರದ ನೆರಳು, ಎಷ್ಟು ಚೆಂದ. "ಯಶವಂತಪುರದ ಕಡೆ 50 ಅಂತಸ್ತಿನದು ಎದ್ದಿದೆ, ಅದು ಇಲ್ಲದೆ ಹೇಗೆ?" ಅಂದರು. ಎರಡನ್ನೂ ಒಂದೇ ಚೌಕಟ್ಟಿಗೆ ಹಾಕಿದರೆ ಯುಬಿ ಸಿಟಿ ಇಲ್ಲ. ಅದನ್ನು ಹಾಕಿದರೆ ಬನ್ನೇರುಘಟ್ಟ ರಸ್ತೆಯವು ಬಿಟ್ಟುಹೋದವು. ಹೆಬ್ಬಾಳದವು ಇದ್ದೇ ಇವೆ.

ಇಲ್ಲಿ ರಾಯರ ಮಾತಿನಲ್ಲಿ ತಿರುಳಿದೆ ಅಂತ ಒಪ್ಪಬೇಕು. ಮುಂಬೈಗೆ ಸಮುದ್ರ ಇದೆ. ಮರೀನ್ ಡ್ರೈವಿನ ದಂಡೆಯಲ್ಲಿ ನಿಂತರೆ ಊರು ತಾನಾಗಿಯೇ ಗ್ರೂಪ್ ಫೋಟೋಗೆ ನಿಂತ ಹಾಗೆ ಸಾಲಾಗಿ ನಿಲ್ಲುತ್ತದೆ. ನಮ್ಮ ಬೆಂಗಳೂರು ಚಪ್ಪಟೆ. ನಡು ಊರಿನಲ್ಲಿ ಎಚ್‌ಎಎಲ್ ರನ್‌ವೇ, ಬಡಗಲಿಗೆ ಜಕ್ಕೂರು, ಯಲಹಂಕ. ವಿಮಾನ ಇಳಿಯುವ ದಾರಿಗೆ ಅಡ್ಡ ಬರಬಾರದು ಅಂತ ಕಟ್ಟಡದ ಎತ್ತರಕ್ಕೆ ಅಲ್ಲಲ್ಲಿ ಒಂದೊಂದು ಮಿತಿ. ಹಾಗಾಗಿ ಎತ್ತರದವು ಒಂದೆಡೆ ಸೇರುವುದಿಲ್ಲ, ಮದುವೆ ಮನೆಯಲ್ಲಿ ಮಾತು ಬಿಟ್ಟ ದಾಯಾದಿಗಳ ಹಾಗೆ ಮೂಲೆಗೊಂದು ನಿಂತಿವೆ. ಎಲ್ಲರನ್ನೂ ಸೇರಿಸಿ ಫೋಟೋ ತೆಗೆಯಬೇಕಾದರೆ ಹಿಂದೆ ಹಿಂದೆ ಸರಿಯಬೇಕು. ನಾವು ಸರಿದಷ್ಟೂ ಊರು ಹಿಂದೆಯೇ ಬರುತ್ತದೆ. ಕೆಂಪೇಗೌಡರ ನಾಲ್ಕು ಗೋಪುರಗಳು ಊರಿನ ಎಲ್ಲೆ ಅಂತ ಪ್ರತೀತಿ. ಈಗ ಮೇಖ್ರಿ ಸರ್ಕಲ್ಲಿನ ಗೋಪುರದ ಹತ್ತಿರ ಸಿಗ್ನಲ್ಲಿಗೆ ಕಾಯುವವರಿಗೆ, ಇಲ್ಲಿಗೆ ಊರು ಮುಗಿಯಬೇಕಿತ್ತು ಅಂದರೆ ಖುಷಿಯೇ ಆಗುತ್ತದೆ.

"ರಾಯರೇ, ಊರಿನ ಮಾಸ್ಟರ್ ಪ್ಲಾನೇ 2015ರದು ಇಟ್ಕೊಂಡು ನಡೀತಿದೆ. ನಮ್ಮ ಮುಖಪುಟ ಎರಡು ವರ್ಷ ಹಿಂದಿದ್ದರೆ ಏನಂತೆ?" ಅಂದೆ ಒಂದು ದಿನ ತಾಳ್ಮೆಗೆಟ್ಟು.

"ಅದಕ್ಕೇ ಹೇಳೋದು. ಫೋಟೋ ಆದರೂ ಸರಿಯಾಗಿರಲಿ."

ಆಮೇಲೆ ಹಳದಿ ಮಾರ್ಗದ ಮೆಟ್ರೋ ಗಂಟುಬಿತ್ತು. ಕಂಬ ಆಗಿದೆ, ಹಳಿ ಆಗಿದೆ, ಸ್ಟೇಷನ್ನಿಗೆ ಬಣ್ಣ ಹೊಡೆದಾಗಿದೆ, ರೈಲು ಬಂದಿಲ್ಲ. ಖಾಲಿ ಹಳಿ ಹಾಕಿ ಅಚ್ಚು ಮಾಡಿದರೆ ಮಾರನೇ ದಿನವೇ ರೈಲು ಓಡಿ ಮುಖಪುಟ ಹಳೇದಾಗುತ್ತದೆ ಅಂತ ರಾಯರ ಭಯ. ಕಾದೆವು. 2023 ಹೋಯಿತು, 2024 ಹೋಯಿತು. ಜಾಹೀರಾತು ಕೊಟ್ಟಿದ್ದ ಬೇಕರಿಯವನು ಅಂಗಡಿಯನ್ನೇ ಮಾರಿಕೊಂಡು ಹಾಸನಕ್ಕೆ ಹೋದ. ಅವನ ಅರ್ಧ ಪುಟದಲ್ಲಿ ಮಾತ್ರ "ಸದಾ ತಾಜಾ" ಅಂತ ಹಾಗೇ ಉಳಿದಿತ್ತು. "ದೀರ್ಘಾಯುಷ್ಯಕ್ಕೆ ಹತ್ತು ಸೂತ್ರಗಳು" ಬರೆದುಕೊಟ್ಟಿದ್ದ ಹಿರಿಯರು ತೀರಿಕೊಂಡರು. ಆ ಲೇಖನ ಏನು ಮಾಡುವುದು ಅಂತ ಒಂದು ತುರ್ತು ಸಭೆ ಕರೆದು, ಕಡೆಗೆ ಎಂಟು ಸೂತ್ರ ಉಳಿಸಿಕೊಂಡೆವು. ಡಿಟಿಪಿ ಮಾಡುವ ಹುಡುಗಿಗೆ ಮದುವೆಯಾಗಿ ಮಗುವಾಯಿತು. ನಾಮಕರಣಕ್ಕೆ ನಾನೂ ರಾಯರೂ ಹೋಗಿದ್ದೆವು. ಊಟದೆಲೆಯ ಮುಂದೆ ಕೂತು ಆಕೆಯ ಗಂಡ ಕೇಳಿದ, "ಆ ಪುಸ್ತಕ ಬಂತಾ ಸಾರ್?"

2025ರ ಆಗಸ್ಟ್ 10ಕ್ಕೆ ಹಳದಿ ಮಾರ್ಗದಲ್ಲಿ ರೈಲು ಓಡಿತು. ನಾನು ದೇವರಿಗೆ ತುಪ್ಪದ ದೀಪ ಹಚ್ಚಿದೆ. ಸೆಪ್ಟೆಂಬರಿನಲ್ಲಿ ಬಿಬಿಎಂಪಿಯೇ ಹೋಗಿ ಐದು ಪಾಲಿಕೆಗಳಾದವು. ನಮ್ಮ ಒಳಪುಟಗಳ ಸಂದೇಶ, ಕೃತಜ್ಞತೆ, ಮನವಿ ಎಲ್ಲ ಬಿಬಿಎಂಪಿಗೆ. ಅದನ್ನು ನಾನು ರಾಯರಿಗೆ ಹೇಳಲೇ ಇಲ್ಲ. ಮುಖಪುಟ ಬಿಟ್ಟು ಒಳಗಿನದನ್ನು ಅವರು ಓದುವವರಲ್ಲ ಅನ್ನುವ ಧೈರ್ಯ.

ಕೊನೆಗೆ ಒಂದು ಭಾನುವಾರ ಬೆಳಿಗ್ಗೆ ಆರಕ್ಕೆ ಲಾಲ್‌ಬಾಗಿನ ಬಂಡೆ ಹತ್ತಿದೆವು. ರಾಯರಿಗೆ ಮಂಕಿ ಕ್ಯಾಪು, ಫ್ಲಾಸ್ಕು, ಕಂಕುಳಲ್ಲಿ ತಿರಸ್ಕೃತ ಫೋಟೋಗಳ ಫೈಲು. ಜೊತೆಗೆ ಕಾರ್ಯದರ್ಶಿಗಳ ಸೋದರಳಿಯ, ಮದುವೆ ಫೋಟೋ ತೆಗೆಯುವ ಹುಡುಗ, ಮೊಳದುದ್ದದ ಲೆನ್ಸು ಹೊತ್ತುಕೊಂಡು. ಈ ಬಂಡೆಗೆ ಸುಮಾರು 300 ಕೋಟಿ ವರ್ಷ ಅಂತ ಲೆಕ್ಕ. ಅದರ ನೆತ್ತಿಯ ಮೇಲೆ ಚಪ್ಪಲಿ ಕಾಲಲ್ಲಿ ನಿಂತು ರಾಯರು, "ಹೋದ ವರ್ಷದ ಫೋಟೋ ಉಪಯೋಗ ಇಲ್ಲಪ್ಪ, ತುಂಬಾ ಹಳೇದು" ಅಂತ ಆ ಹುಡುಗನಿಗೆ ವಿವರಿಸುತ್ತಿದ್ದರು. ಬಂಡೆ ಏನೂ ಅನ್ನಲಿಲ್ಲ.

ಮಂಜು ಕವಿದಿತ್ತು. ಹುಡುಗ ನಾಲ್ಕು ತೆಗೆದು ಪರದೆಯಲ್ಲಿ ತೋರಿಸಿದ. "ಈ ಕ್ರೇನುಗಳು ಅಸಹ್ಯವಾಗಿವೆ ಅಂಕಲ್. ಮನೇಲಿ ಕಂಪ್ಯೂಟರಿನಲ್ಲಿ ಅಳಿಸ್ಬಿಡ್ತೀನಿ."

ರಾಯರ ಮುಖ ಕೆಂಪಾಯಿತು. "ಕ್ರೇನ್ ಅಳಿಸ್ತೀಯಾ? ಮದುಮಗಳ ಫೋಟೋದಲ್ಲಿ ತಾಳಿ ಅಳಿಸ್ತೀಯೇನೋ? ಈ ಊರಿನಲ್ಲಿ ವರ್ಷಪೂರ್ತಿ ಇರೋದು ಅದೊಂದೇ. ಕ್ರೇನ್ ಇರಲಿ!"

ಮಂಜು ಕರಗಲಿ ಅಂತ ಕೂತೆವು. ಫ್ಲಾಸ್ಕಿನ ಮುಚ್ಚಳದಲ್ಲಿ ಸರದಿಯಂತೆ ಕಾಫಿ. ರಾಯರು ಬೆರಳು ಚಾಚಿ ಹುಡುಗನಿಗೆ ಒಂದೊಂದೇ ತೋರಿಸತೊಡಗಿದರು. ಅವನಿಗೆ ಮೇಲಿನದು ಕಾಣುತ್ತಿತ್ತು, ರಾಯರು ಬುಡದ ಮಾತು ಹೇಳುತ್ತಿದ್ದರು. ವರ್ಲ್ಡ್ ಟ್ರೇಡ್ ಸೆಂಟರ್ ಇರುವುದು ಕಿರ್ಲೋಸ್ಕರ್ ಕಾರ್ಖಾನೆಯ ಜಾಗದಲ್ಲಿ. ಮಲ್ಲೇಶ್ವರದ ಆ ದೊಡ್ಡ ಮಾಲ್ ಇರುವುದು ರಾಜಾ ಮಿಲ್ಲಿನ ಜಾಗದಲ್ಲಿ. ಯುಬಿ ಸಿಟಿಯ ಕಡೆ ಮೊದಲು ಬಿಯರ್ ಕುದಿಸುತ್ತಿದ್ದರು. ಪಡುವಲಿಗೆ ತಿರುಗಿ, ಆ ಅಪಾರ್ಟ್‌ಮೆಂಟುಗಳ ಗುಂಪು ಇದೆಯಲ್ಲ, ಅದು ಬಿನ್ನಿ ಮಿಲ್ಲು ಅಂದರು. "ಆಗೇನು ಸ್ಕೈಲೈನ್ ಇರಲಿಲ್ಲ ಅಂದ್ಕೊಂಡಿದ್ದೀಯಾ? ಚಿಮಣಿಗಳಿದ್ವು. ಬಿನ್ನಿ ಮಿಲ್ಲಿನಲ್ಲಿ ನಮ್ಮ ತಂದೆ ಟೈಮ್ ಕೀಪರು. ಮಿಲ್ ಕೂಗಿದರೆ ನಮ್ಮಮ್ಮ ಒಲೆ ಮೇಲೆ ಅನ್ನಕ್ಕೆ ಇಡೋರು. ಇಡೀ ಕಾಟನ್‌ಪೇಟೆಗೆ ಅದೇ ಗಡಿಯಾರ."

"ಆ ಚಿಮಣಿ ಫೋಟೋ ಇದೆಯಾ ಅಂಕಲ್?" ಅಂದ ಹುಡುಗ.

ರಾಯರು ಮುಚ್ಚಳದಲ್ಲಿ ಉಳಿದ ಕಾಫಿಯನ್ನು ಬಂಡೆಯ ಮೇಲೆ ಚೆಲ್ಲಿ, ಕರ್ಚೀಫಿನಿಂದ ಒರೆಸಿ, ಫ್ಲಾಸ್ಕಿಗೆ ತಿರುಗಿಸಿದರು. "ದಿನಾ ಇರೋದನ್ನ ಯಾರಪ್ಪ ತೆಗೀತಾರೆ?"

ಏನಾದರೂ ಹೇಳಬೇಕು ಅಂತ ನಾನು ಗಂಟಲು ಸರಿಮಾಡಿಕೊಂಡೆ. ಅಷ್ಟರಲ್ಲಿ ಅವರೇ ಎದ್ದು ನಿಂತು, "ಮಂಜು ಸರೀತು, ತೆಗಿ ತೆಗಿ, ಆ ಎಡಗಡೆ ಕ್ರೇನೂ ಬರಲಿ" ಅಂತ ಕೂಗಿಕೊಂಡರು.

ರಜತ ಮಹೋತ್ಸವದ ಸಂಚಿಕೆ ಇಪ್ಪತ್ತೇಳನೇ ವರ್ಷದ ರಾಜ್ಯೋತ್ಸವಕ್ಕೆ ಬಂತು. ಮುಖಪುಟದಲ್ಲಿ ಬಂಡೆ, ಮಂಜು, ಏಳು ಕ್ರೇನು. ಹಳದಿ ರೈಲು ಇಲ್ಲ. ಲಾಲ್‌ಬಾಗಿನಿಂದ ಅದು ಕಾಣುವುದೇ ಇಲ್ಲ ಅಂತ ನಮಗೆ ಹೊಳೆದದ್ದು ಪ್ಲೇಟ್ ಹಾಕಿದ ಮೇಲೆ.

ಮೊದಲ ಪ್ರತಿಯನ್ನು ದರ್ಶಿನಿಯಲ್ಲೇ ರಾಯರ ಕೈಗಿಟ್ಟೆ. ಕ್ಯಾಷಿನ ಹುಡುಗನೂ ಕತ್ತು ಚಾಚಿದ. ರಾಯರು ಮುಖಪುಟವನ್ನು ಬೆಳಕಿಗೆ ಹಿಡಿದರು, ದೂರ ಹಿಡಿದರು, ಏನೂ ಅನ್ನಲಿಲ್ಲ. ನಾನು ಉಸಿರು ಬಿಡುವಷ್ಟರಲ್ಲಿ ಪುಟ ತಿರುವಿದರು. ಸಂಪಾದಕೀಯ. ಅದರ ಮೂಲೆಯಲ್ಲಿ ಒಂದಂಗುಲದ ನಾನು, ದಟ್ಟ ಕೂದಲು, ದಪ್ಪ ಮೀಸೆ. ಕನ್ನಡಕ ಹಣೆಗೇರಿತು. ಮೂಗು ಹತ್ತಿರ ಬಂತು.

"ಮೇಷ್ಟ್ರೇ, ಇದು ಯಾವಾಗಿಂದು?"

"ಈಚೆಗಿಂದೇ ರಾಯರೇ. ಒಂದೆರಡು ವರ್ಷ ಆಗಿರಬಹುದು."

"ಕೂದಲು ನೋಡಿ ಹೇಳ್ತಿಲ್ಲ, ಅದು ನಿಮ್ಮ ಸ್ವಂತ ವಿಚಾರ. ಹೆಗಲ ಹಿಂದೆ ಹಳದಿ ಕಾಣ್ತಿದೆ ನೋಡಿ. ಅದು ಎಸ್‌ಟಿಡಿ ಬೂತಿನ ಬೋರ್ಡು." ಉಗುರಿನಿಂದ ಆ ಹಳದಿ ಚೂರನ್ನು ಸವರಿದರು. "ಗಾಂಧಿ ಬಜಾರು ಅಲ್ವಾ? ಆ ಬೂತಿಗೆ ಲೈನ್ ಕೊಡ್ಸಿದ್ದು ನಾನೇ. ಕಾಲಿಲ್ಲದ ಒಬ್ಬರು ಕೂತಿರ್ತಿದ್ರು ಅಲ್ಲಿ."

ನಾನು ಸುಮ್ಮನಿದ್ದೆ. ಕಾಫಿ ಆರುತ್ತಿತ್ತು.

"ಇದರ ಪೂರ್ತಿ ಫೋಟೋ ಇದೆಯಾ ಮನೇಲಿ? ಕತ್ತರಿಸದೇ ಇರೋದು? ನಂಗೊಂದು ಕಾಪಿ ಹಾಕ್ಸಿ ಕೊಡಿ. ನೀವು ಇಲ್ಲದಿದ್ದರೂ ಪರವಾಗಿಲ್ಲ."