ಬಾಟಲಿ ಬಲಭೀಮರು

ವಿಜಯಪುರದ ಸೊಲ್ಲಾಪುರ ರಸ್ತೆಯನ್ನು ಬೇಸಿಗೆಯಲ್ಲಿ ಕಂಡವರಿಗೆ ಇಲ್ಲಿನ ಜಿಮ್ ಹುಡುಗರ ಮೇಲೆ ಗೌರವ ಹುಟ್ಟದೆ ಇರದು. 40 ಡಿಗ್ರಿ ದಾಟಿದ ಬಿಸಿಲಿನಲ್ಲಿ ಬರೀ ನಡೆಯುವುದೇ ಒಂದು ಸಾಧನೆ. ಅದು ಸಾಲದೆಂದು ಇವರು ರೊಕ್ಕ ಕೊಟ್ಟು ಕಬ್ಬಿಣ ಎತ್ತುತ್ತಾರೆ. ಒಬ್ಬೊಬ್ಬರ ಕೈಯಲ್ಲೂ ಎರಡು ಲೀಟರಿನ ಬಾಟಲಿ. ಅದನ್ನು ಹೊತ್ತು ಮಹಡಿ ಹತ್ತುವಷ್ಟರಲ್ಲೇ ಅರ್ಧ ಕಸರತ್ತು ಮುಗಿದಿರುತ್ತದೆ.

ನಮ್ಮ ಓಣಿಯ ಹಿರಿಯ ಪೈಲ್ವಾನರಿಗೆ ಈ ಬಾಟಲಿ ಕಂಡರಾಗದು. ಸಂಕ್ರಮಣದ ಸಿದ್ಧೇಶ್ವರ ಜಾತ್ರೆಯಲ್ಲಿ ಸಂಗ್ರಾಣಿ ಕಲ್ಲು ಎತ್ತುವವರನ್ನು ನೋಡಿ ಬೆಳೆದವರು ಅವರು. "ತಾಲೀಮಿನ್ಯಾಗ ಮೈ ಬೆವತಾಗ ನೀರ ಮುಟ್ಟಂಗಿಲ್ರಿ. ಹೊಟ್ಟಿ ಗುಳುಗುಳು ಅಂದ್ರ ಕಲ್ಲ ಏಳತೈತೇನ್ರಿ?" ಎನ್ನುತ್ತಾರೆ. ಜಾತ್ರೆ ಜನವರಿಯ ಚಳಿಯಲ್ಲಿ ಬರುತ್ತದೆ, ಕಲ್ಲು ಎತ್ತಲು ಬಹಳ ಹೊತ್ತೂ ಬೇಡ ಎಂಬ ಮಾತನ್ನು ನಾನು ನುಂಗಿಕೊಳ್ಳುತ್ತೇನೆ.

ಹುಡುಗರದು ಇನ್ನೊಂದು ಅತಿ: ಕುಡಿದಷ್ಟೂ ತೋಳು ದಪ್ಪ. ಸ್ನಾಯುವಿನಲ್ಲಿ ಮುಕ್ಕಾಲು ಪಾಲು ನೀರೇ ಇರುವುದು ನಿಜ. ಆದರೆ ಹೆಚ್ಚು ಕುಡಿದರೆ ಬಲ ಹೆಚ್ಚದು, ಕಡಿಮೆಯಾದರೆ ಕುಗ್ಗುತ್ತದೆ. ಸಂಶೋಧಕ ಜುಡೆಲ್ಸನ್ ಮತ್ತು ಸಂಗಡಿಗರು 2007ರಲ್ಲಿ ಹಳೆಯ ಪ್ರಯೋಗಗಳನ್ನೆಲ್ಲ ಒಟ್ಟಿಗೆ ಇಟ್ಟು ನೋಡಿದರು. ಮೈತೂಕದ ಶೇ 3-4ರಷ್ಟು ನೀರು ಹೋದರೆ ಬಲ ಸುಮಾರು ಶೇ 2ರಷ್ಟು ಇಳಿಯುತ್ತದೆ, ಜೋರು ಕಸರತ್ತಿನಲ್ಲಿ ತಾಳಿ ನಿಲ್ಲುವ ಕಸುವು ಸುಮಾರು ಶೇ 10ರಷ್ಟು. ನೂರು ಕಿಲೋ ಎತ್ತುವವನು ತೊಂಬತ್ತೆಂಟಕ್ಕೆ ಬಂದ. ಕಳೆದದ್ದು ಅವನ ಬಾಟಲಿಯಷ್ಟೇ ತೂಕ! ಒಮ್ಮೆ ಎತ್ತಿ ಮೀಸೆ ತಿರುವುವ ಪೈಲ್ವಾನರಿಗೆ ಅದು ಗೊತ್ತೂ ಆಗದು. ಹತ್ತು ಸಲ ಎತ್ತುವ ಹುಡುಗನಿಗೆ ಮಾತ್ರ ಹತ್ತನೆಯದು ಕೈಕೊಡುತ್ತದೆ. ಅವನು ಕನ್ನಡಿ ನೋಡಿಕೊಳ್ಳುವುದೋ, ಸರಿಯಾಗಿ ಆಗಲೇ.

ಬಾಯಾರಿದ ಮೇಲೆ ಬಾವಿ ತೋಡುವ ಊರಲ್ಲ ಇದು. 1620ರ ತಾಜ್ ಬಾವಡಿ, 1651ರ ಬೇಗಂ ತಲಾಬ್. ಊರೊಳಕ್ಕೆ ಮಣ್ಣಿನ ಕೊಳವೆ, ನಡುನಡುವೆ ನೀರಿನ ಒತ್ತಡ ತಗ್ಗಿಸಲು ಗಂಜ್ ಗೋಪುರಗಳು. ಆದಿಲ್‌ಶಾಹಿಗಳ ಈ ಜಾಣತನ ಮೈಗೂ ಸಲ್ಲುತ್ತದೆ: ಮೊದಲೇ ತುಂಬಿಸಿಕೊಳ್ಳಬೇಕು, ಆಮೇಲೆ ಗುಟುಕು ಗುಟುಕಾಗಿ. ಕಸರತ್ತಿನ ಮುಂಚೆ, ಆಮೇಲೆ ತೂಕ ನೋಡಿದರೆ ಲೆಕ್ಕ ಸಿಗುತ್ತದೆ. ಒಂದು ಕಿಲೋ ಇಳಿದಿದ್ದರೆ ಹೆಚ್ಚುಕಡಿಮೆ ಒಂದು ಲೀಟರ್ ಬೆವರು. ಬೆವರಿನೊಂದಿಗೆ ಉಪ್ಪೂ ಹೋಗುತ್ತದೆ. ಬರೀ ನೀರನ್ನೇ ಮಿತಿಮೀರಿ ಸುರಿದುಕೊಂಡರೆ ರಕ್ತದಲ್ಲಿ ಸೋಡಿಯಂ ಇಳಿದು ಅಪಾಯವಾದೀತು. ಇಂಡಿಯ ಲಿಂಬೆ, ಮನೆಯ ಮಜ್ಜಿಗೆ ಇರುವ ಜಿಲ್ಲೆಗೆ ಇದೇನು ಕಷ್ಟ?

ಇಷ್ಟನ್ನೂ ಕೇಳಿಸಿಕೊಂಡ ಪೈಲ್ವಾನರು, "ಹಂಗಾರ ನೀರ ಕುಡದ್ರ ಶಕ್ತಿ ಬರಂಗಿಲ್ಲ, ಬಿಟ್ರ ಹೊಕ್ಕೈತಿ ಅಂತೀರಿ?" ಎಂದರು. ಹೌದೆಂದೆ.

"ಹಂಗಿದ್ರ ಒಂದ ಚರಿಗಿ ಮಜ್ಜಿಗಿ ಹೇಳ್ರಿ, ಉಪ್ಪ ಮುಂದಾಗಿ ಹಾಕ್ಲಿ. ರೊಕ್ಕಾ ನೀವ ಕೊಡ್ರಿ. ಶಾಣ್ಯಾತನ ಹೇಳಿದವ್ರು ನೀವ ಅಲ್ಲೇನ್ರಿ?"